ಬಿಎಸ್‌ಎ ಫ್ರೇಮ್ ನಂಬರ್ ಡಬ್ಲ್ಯುಎಂ20 ಅಂತ ಶುರುವಾಗುತ್ತೆ, ಇದು ಯಾವ ವರ್ಷದ ಗಾಡಿ?

ತೋಟದಗಾಡಿ
ಎಲ್ರಿಗೂ ನಮಸ್ಕಾರ. ಮೂಡಿಗೆರೆ ಹತ್ರ ನಮ್ಮ ದೊಡ್ಡಪ್ಪನ ತೋಟದಲ್ಲಿ ಒಂದು ಹಳೇ ಬಿಎಸ್‌ಎ (ಇಂಗ್ಲೆಂಡಿನ ಕಂಪನಿ) ಮೋಟಾರ್ ಸೈಕಲ್ ಇದೆ, ಗೊಬ್ಬರದ ಗೋಡೌನಲ್ಲಿ ನಿಂತು ಎಷ್ಟೋ ವರ್ಷ ಆಯ್ತು, ಈಗ ನಂಗೆ ಕೊಟ್ಟಿದ್ದಾರೆ. ಆರ್‌ಸಿ ಬುಕ್ಕಲ್ಲಿ 1951 ಮಾಡೆಲ್ ಅಂತಿದೆ, ಎಂವೈ ಅಂತ ಶುರುವಾಗೋ, ಮೈಸೂರು ರಾಜ್ಯದ ಕಾಲದ ಹಳೇ ನಂಬರ್. ಹ್ಯಾಂಡಲ್ ಕೆಳಗೆ ಫ್ರೇಮಿನ ಎಡಗಡೆ ಉಜ್ಜಿ ನೋಡಿದ್ರೆ ಡಬ್ಲ್ಯುಎಂ20, ಅದರ ಮುಂದೆ ಐದು ಅಂಕಿ. ಇಂಜಿನ್ ಮೇಲೂ ಡಬ್ಲ್ಯುಎಂ20 ಅಂತಾನೇ ಇದೆ, ಆದ್ರೆ ಅಂಕಿ ಬೇರೆ. ಆರ್‌ಸಿಲಿ ಚಾಸಿ ನಂಬರ್ (ಅಂದ್ರೆ ಫ್ರೇಮ್ ನಂಬರ್) ವಿವಿಎಂ20 ಅಂತ ಬರ್ದಿದ್ದಾರೆ! ನೆಟ್ಟಲ್ಲಿ 1951ರ ಲಿಸ್ಟ್ ನೋಡಿದ್ರೆ ಜೆಡ್ ಅಂತ ಶುರುವಾಗುತ್ತೆ, ಡಬ್ಲ್ಯು ಇಲ್ವೇ ಇಲ್ಲ. ನಮ್ಮೂರ ಮೆಕ್ಯಾನಿಕ್ಕು ಇಂಜಿನ್ ಚೇಂಜ್ ಆಗಿದೆ, ಎರಡಕ್ಕೂ ಒಂದೇ ನಂಬರ್ ಪಂಚ್ ಮಾಡಿಸಿಬಿಡಿ ಅಂತಾರೆ. ಮಾಡಿಸ್ಲಾ?

ಗರ್ಡರ್‌ಫೋರ್ಕ್
ದಯವಿಟ್ಟು ಪಂಚ್ ಮಾಡಿಸ್ಬೇಡಿ ಸರ್, ಕೈ ಮುಗಿದು ಕೇಳ್ಕೋತೀನಿ. ನಿಮ್ಮದು ಎರಡನೇ ಮಹಾಯುದ್ಧದ ಮಿಲಿಟರಿ ಗಾಡಿ. ಎಂ20 ಅನ್ನೋದು ಮಾಡೆಲ್ ಹೆಸರು, ಅದು ಬಂದಿದ್ದು 1937ರಲ್ಲಿ, ಆವಾಗ ಮುಂದಿನ ಅಕ್ಷರ ಎಚ್, 1938ಕ್ಕೆ ಜೆ, 1939ಕ್ಕೆ ಕೆ, ಆಮೇಲೆ ಯುದ್ಧಕ್ಕೆ ಅಂತ ಮಾಡಿದ್ದಕ್ಕೆಲ್ಲ ಡಬ್ಲ್ಯು, ಯುದ್ಧ ಮುಗಿದ ಮೇಲೆ ಎಕ್ಸ್, ವೈ, ಜೆಡ್ ಬಂದಿದ್ದು. ಬರ್ಮಿಂಗ್‌ಹ್ಯಾಮಲ್ಲಿ ಯುದ್ಧದ ಟೈಮಲ್ಲಿ ಇಂಥವನ್ನ ಸುಮಾರು 1,26,000 ಮಾಡಿದ್ರು. ಅದರಲ್ಲಿ ಇಲ್ಲಿ ಉಳ್ಕೊಂಡಿದ್ದನ್ನ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಮಾರಿದ್ರು, ತಗೊಂಡೋರು ಯಾವತ್ತು ರಿಜಿಸ್ಟರ್ ಮಾಡಿಸಿದ್ರೋ ಆ ವರ್ಷವೇ ಎಷ್ಟೋ ಆರ್‌ಸಿಲಿ ಮಾಡೆಲ್ ಅಂತ ಕೂತಿದೆ. ನಿಮ್ಮ 1951 ಕೂಡ ಅದೇ ಇರ್ಬೇಕು. ಇನ್ನು ಇಂಜಿನ್ ನಂಬರ್ ಬೇರೆ ಅನ್ನೋದು ತಪ್ಪೇ ಅಲ್ಲ, ಆ ಕಾಲದಲ್ಲಿ ಬಿಎಸ್‌ಎನೋರು ಫ್ರೇಮಿಗೂ ಇಂಜಿನ್ನಿಗೂ ಬೇರೆ ಬೇರೆ ನಂಬರೇ ಹೊಡೀತಿದ್ದಿದ್ದು. ಎರಡೂ ಒಂದೇ ಆಗಿರೋ ಎಂ20 ಕಂಡ್ರೆ ನಾನು ಮೊದ್ಲು ಅನುಮಾನ ಪಡ್ತೀನಿ.

ಮಲೆನಾಡ್ ಥಂಪರ್
ಮೇಲಿನೋರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ನಂಬರ್ ಬೇರೆ ಇದ್ರೂ ಅದು ಫ್ಯಾಕ್ಟರಿ ಜೋಡೀನೇ ಅಂತ ಈಗ್ಲೇ ಹೇಳಕ್ಕಾಗಲ್ಲ. ಮಿಲಿಟರಿ ವರ್ಕ್‌ಶಾಪಲ್ಲಿ ಓವರ್‌ಹಾಲ್ ಆದಾಗ ಯಾವ ಇಂಜಿನ್ ರೆಡಿ ಇದ್ಯೋ ಅದನ್ನ ಕೂರಿಸಿ ಕಳಿಸ್ತಿದ್ರು, ಅದೂ ಗಾಡಿ ಚರಿತ್ರೆನೇ. ಖಾತ್ರಿ ಬೇಕಂದ್ರೆ ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಹತ್ರ ಬಿಎಸ್‌ಎ ಫ್ಯಾಕ್ಟರಿ ಲೆಡ್ಜರ್ ಇದೆ, ಎರಡೂ ನಂಬರಿನ ಫೋಟೋ ಕಳ್ಸಿ ಫೀಸ್ ಕಟ್ಟಿದ್ರೆ ನೋಡಿ ಹೇಳ್ತಾರೆ. ಅಲ್ಲಿವರ್ಗೂ ಗಾಡಿ ನೋಡಿ. ಮುಂದೆ ಗರ್ಡರ್ ಫೋರ್ಕಾ (ಸರಳು ಜೋಡಿಸಿ ಮಧ್ಯೆ ಸ್ಪ್ರಿಂಗ್ ಇಟ್ಟ ಹಳೇ ಥರದ್ದು)? ಒಂದರೊಳಗೊಂದು ಜಾರೋ ಕೊಳವೆಯ ಟೆಲಿಸ್ಕೋಪಿಕ್ ಬಂದಿದ್ದು 1948ರಿಂದ ಈಚೆಗೆ. ಫುಟ್‌ರೆಸ್ಟ್ ಬರೀ ಕಬ್ಬಿಣನಾ? ಯುದ್ಧದಲ್ಲಿ ರಬ್ಬರ್ ಸಿಗ್ದೆ ಹ್ಯಾಂಡಲ್ ಗ್ರಿಪ್ಪಿಗೆ ಕ್ಯಾನ್ವಾಸ್ ಸುತ್ತಿ ಕೊಟ್ಟಿದ್ರು. ಟ್ಯಾಂಕ್ ಬಣ್ಣನ ಮಾತ್ರ ಗ್ರೈಂಡರ್ ಹಾಕಿ ತೆಗೀಬೇಡಿ, ನೀರು ಪೇಪರಲ್ಲಿ (ನೀರು ಹಾಕಿ ಉಜ್ಜೋ ಸ್ಯಾಂಡ್‌ಪೇಪರ್) ನಿಧಾನಕ್ಕೆ ಉಜ್ಜಿ, ಪದರ ಪದರವಾಗಿ ಬಿಡ್ಬೇಕು.

ತೋಟದಗಾಡಿ
ಗರ್ಡರ್ ಫೋರ್ಕೇ ಸರ್, ಫುಟ್‌ರೆಸ್ಟೂ ಬರೀ ಕಬ್ಬಿಣ. ಟ್ಯಾಂಕಿನ ಒಂದು ಪಕ್ಕ ಅಂಗೈಯಷ್ಟು ಜಾಗ ಉಜ್ಜಿದೆ, ಮೇಲೆ ಕೆಂಪು, ಅದರಡಿ ಕಪ್ಪು, ಅದರಡಿ ಮಂಕಾದ ಹಸಿರು, ಆ ಹಸಿರಿನ ಮೇಲೆ ಬಿಳಿ ಬಣ್ಣದಲ್ಲಿ ಇಂಗ್ಲಿಷಿನ ಸಿ ಅಕ್ಷರ, ಪಕ್ಕದಲ್ಲಿ 4 ಅಂಕಿಯ ಅರ್ಧ. ಅಲ್ಲಿಗೇ ನಿಲ್ಲಿಸಿದ್ದೀನಿ.

ಗರ್ಡರ್‌ಫೋರ್ಕ್
ಅಯ್ಯೋ ಸರ್, ಅದು ಬ್ರಿಟಿಷ್ ಮಿಲಿಟರಿ ಬೈಕುಗಳಿಗೆ ಹಾಕ್ತಿದ್ದ ನಂಬರು! ಮೈ ಜುಮ್ಮಂತು. ಲೆಡ್ಜರಲ್ಲಿ ನಿಮ್ಮ ಫ್ರೇಮ್ ಯಾವ ಮಿಲಿಟರಿ ಕಾಂಟ್ರಾಕ್ಟಿಂದು ಅಂತ ಸಿಕ್ಕಿದ್ರೆ ಆ ಸಿ ನಂಬರ್ ಅದಕ್ಕೆ ಹೊಂದುತ್ತಾ ಅಂತ ತಾಳೆ ನೋಡ್ಬೋದು, ಹೊಂದಿದ್ರೆ ಆ ಟ್ಯಾಂಕು ಆ ಫ್ರೇಮಿಂದೇ ಅನ್ನೋದಕ್ಕೆ ಒಳ್ಳೆ ಸಾಕ್ಷಿ. ಉಳಿದ ಅಂಕಿ ಹುಷಾರಾಗಿ ತೆಗೀರಿ, ಫೋಟೋ ಹಾಕಿ.

ಪೇಪರ್ಸ್ ಪಕ್ಕಾ
ಆರ್‌ಸಿ ಬಗ್ಗೆ ನಾನು ಹೇಳ್ತೀನಿ. ಪಂಚ್ ಸವೆದು ಡಬ್ಲ್ಯು ಎರಡು ವಿ ಥರ ಕಂಡಿರುತ್ತೆ, ಬರೆದೋರು ಹಂಗೇ ಬರ್ದಿದ್ದಾರೆ. ಅದಕ್ಕೆ ಆರ್‌ಸಿ ತಿದ್ದಿಸ್ಬೇಕೇ ಹೊರತು ಫ್ರೇಮ್ ತಿದ್ದೋದಲ್ಲ, ಚಾಸಿ ನಂಬರ್ ಕೆರೆದು ಹೊಸದು ಹೊಡೆದ್ರೆ ಕದ್ದ ಗಾಡಿ ಅಂತ ಕೇಸ್ ಆಗೋ ಸಂಭವ ಇದೆ. ಇನ್ನೊಂದು, 2021ರಲ್ಲಿ ಬಂದ ರೂಲ್ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರೋ ಗಾಡಿಗೆ ವಿಎ ಸೀರೀಸ್ ವಿಂಟೇಜ್ ನಂಬರ್ ಸಿಗುತ್ತೆ, ಆದ್ರೆ ಚಾಸಿ, ಇಂಜಿನ್ ಹೆಚ್ಚು ಬದಲಾಯ್ಸಿರ್ಬಾರ್ದು, ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಬಿಟ್ರೆ ರೋಡಿಗೆ ತರಂಗಿಲ್ಲ. ತೋಟದಿಂದ ಪೇಟೆಗೆ ಓಡಿಸೋ ಆಸೆ ಇದ್ರೆ ಅದಕ್ಕೆ ಹೋಗ್ಬೇಡಿ, ಇರೋ ಎಂವೈ ನಂಬರನ್ನೇ ರಿನ್ಯೂ ಮಾಡಿಸ್ಕೊಳ್ಳಿ. ಮೊದ್ಲು ತೆಳು ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಎರಡೂ ನಂಬರಿನ ಪ್ರಿಂಟ್ ತಗೊಳ್ಳಿ, ದೊಡ್ಡಪ್ಪನ ಹೆಸರಲ್ಲಿದ್ರೆ ಟ್ರಾನ್ಸ್‌ಫರ್ ಫಾರಂಗೆ ಅವರ ಸೈನೂ ಈಗ್ಲೇ ಹಾಕಿಸಿಟ್ಕೊಳ್ಳಿ.