ಜಾರ್‌ನಲ್ಲಿ ತುಂಬಿಟ್ಟ ಟೊಮೇಟೊ ಗೊಜ್ಜು, ಎರಡರ ಮುಚ್ಚಳ ಉಬ್ಬಿದೆ, ಉಳಿದಿದ್ದು ತಿನ್ನಬಹುದಾ?

ಡೆನ್ವರ್‌_ಹಿತ್ತಲು:
ಎಲ್ರಿಗೂ ನಮಸ್ಕಾರ. ನಾವಿರೋದು ಡೆನ್ವರ್‌ನಲ್ಲಿ, ಈ ಸಲ ಹಿತ್ತಲಲ್ಲಿ ಟೊಮೇಟೊ ಎಷ್ಟು ಬಿಟ್ಟಿದೆ ಅಂದ್ರೆ ಅಕ್ಕಪಕ್ಕದವರು ನನ್ನ ಕೈಲಿ ಚೀಲ ನೋಡಿದ್ರೆ ಬಾಗಿಲೇ ತೆಗೀತಿಲ್ಲ. ಸರಿ ಅಂತ ಮೇಸನ್ ಜಾರ್ (ಸೀಲ್ ಆಗೋ ಮುಚ್ಚಳದ ಗಾಜಿನ ಜಾರ್) ತಂದು ಅಮ್ಮ ಮಾಡೋ ಥರಾನೇ ಗೊಜ್ಜು ಮಾಡಿದೆ, ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಒಗ್ಗರಣೆ ಎಲ್ಲ ಹಾಕಿ, ಬಿಸಿಬಿಸಿ ಇರುವಾಗಲೇ ಜಾರಿಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಮಾಡಿಟ್ಟೆ. ಟಿಕ್ ಅಂತ ಸೌಂಡ್ ಬಂತು, ಸೀಲ್ ಆಯ್ತು ಅಂದ್ಕೊಂಡೆ. ಒಟ್ಟು 11 ಜಾರ್. ಮೂರು ವಾರ ಆದ್ಮೇಲೆ ನೋಡಿದ್ರೆ ಎರಡು ಉಬ್ಕೊಂಡಿದೆ. ಮಿಕ್ಕ ಒಂಬತ್ತು ನೋಡೋಕೆ ಚೆನ್ನಾಗೇ ಇದೆ, ಒಂದು ತೆಗೆದು ಮೂಸಿದೆ, ವಾಸನೆನೂ ಇಲ್ಲ. ಚೆನ್ನಾಗಿ ಕುದಿಸಿ ತಿಂದ್ರೆ ಆಗಲ್ವಾ? ಎಸೆಯೋಕೆ ಹೊಟ್ಟೆ ಉರಿಯುತ್ತೆ.

ಲ್ಯಾಬ್_ಅಕ್ಕ:
ತಿನ್ನಬೇಡಿ, ರುಚಿ ನೋಡೋಕೆ ಅಂತ ನಾಲಿಗೆಗೂ ತಾಗಿಸಬೇಡಿ, 11ನ್ನೂ ಎಸೀರಿ. ಉಬ್ಬಿರೋದನ್ನ ತೆಗೆಯೋಕೇ ಹೋಗಬೇಡಿ, ಹಾಗೇ ಕವರಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬಾಟುಲಿಸಂ ಅನ್ನೋ ಕಾಯಿಲೆ ಬರೋದು ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನೋ ಬ್ಯಾಕ್ಟೀರಿಯಾ ಬಿಡೋ ವಿಷದಿಂದ. ಅದು ಇದ್ರೂ ಎಷ್ಟೋ ಸಲ ಬಣ್ಣ, ವಾಸನೆ ಏನೂ ಕೆಟ್ಟಿರಲ್ಲ, ಆಮೇಲೆ ಕಣ್ಣು ಎರಡೆರಡಾಗಿ ಕಾಣೋದು, ರೆಪ್ಪೆ ಜೋತು ಬೀಳೋದು, ಮಾತು ತೊದಲೋದು ಶುರುವಾದಾಗಲೇ ಗೊತ್ತಾಗೋದು. ನೀವು ತೆಗೆದು ಮೂಸಿದ್ರಲ್ಲ, ಆ ಚಮಚ ಕೈ ಎಲ್ಲ ಸೋಪ್ ಹಾಕಿ ತೊಳ್ಕೊಳ್ಳಿ.

ಎಡವಟ್ಟಾಗಿದ್ದು ಎಲ್ಲಿ ಅಂದ್ರೆ, ಇದರ ಸ್ಪೋರ್ (ಬೀಜದ ಥರ ಗಟ್ಟಿಯಾಗಿ ಕೂತಿರೋ ರೂಪ) ಮಾಮೂಲಿ ಕುದಿಯೋ ನೀರಿಗೆ ಸಾಯಲ್ಲ, ಗಾಳಿ ಇಲ್ಲದ ಜಾಗ ಅಂದ್ರೆ ಅದಕ್ಕೆ ಹಬ್ಬ, ನೀವು ಸೀಲ್ ಮಾಡಿ ಗಾಳಿ ತೆಗೆದು ಅದಕ್ಕೆ ಮನೆ ಕಟ್ಟಿಕೊಟ್ಟಂಗಾಯ್ತು. ಬರೀ ಕುದಿಯೋ ನೀರಲ್ಲಿ ಮಾಡೋ ಜಾರಲ್ಲಿ ಅದನ್ನ ತಡೆಯೋದು ಹುಳಿ. ಪಿಎಚ್ (ಹುಳಿ ಅಳೆಯೋ ಲೆಕ್ಕ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿರಬೇಕು. ಟೊಮೇಟೊ ಸರಿಯಾಗಿ ಆ ಗೆರೆ ಮೇಲೇ ಕೂತಿರುತ್ತೆ, ಹಣ್ಣಾದಷ್ಟೂ ಹುಳಿ ಕಮ್ಮಿ, ಅದರ ಜೊತೆ ಈರುಳ್ಳಿ ಬೆಳ್ಳುಳ್ಳಿ ಸೇರಿಸಿದ್ರೆ ಇನ್ನೂ ಕಮ್ಮಿ.

ಅದಕ್ಕೇ ಗೊಜ್ಜು ಬೇಡ, ಬರೀ ಟೊಮೇಟೊ ಕ್ಯಾನ್ ಮಾಡಿ, ಅಂದ್ರೆ ಜಾರಿಗೆ ತುಂಬಿ ಕುದಿಯೋ ನೀರಲ್ಲಿಟ್ಟು ಸೀಲ್ ಮಾಡಿ, ಒಗ್ಗರಣೆ ತಿನ್ನೋ ದಿನ ಹಾಕ್ಕೊಳ್ಳಿ. ಪಿಂಟ್ (ಸುಮಾರು ಅರ್ಧ ಲೀಟರ್) ಜಾರಿಗೆ 1 ಟೇಬಲ್‌ಸ್ಪೂನ್, ಕ್ವಾರ್ಟಿಗೆ (ಸುಮಾರು ಒಂದು ಲೀಟರ್) 2, ಅಂಗಡೀಲಿ ಸಿಗೋ ಬಾಟಲ್ ನಿಂಬೆರಸ ಹಾಕಿ. ಮರದಿಂದ ಕಿತ್ತಿದ್ದು ಎಷ್ಟೇ ಫ್ರೆಶ್ ಇದ್ರೂ ಬೇಡ, ಅದರ ಹುಳಿ ಒಂದೊಂದು ಹಣ್ಣಿಗೆ ಒಂದೊಂದು ಥರ ಇರುತ್ತೆ. ಮೇಲೆ ಅರ್ಧ ಇಂಚು ಜಾಗ ಬಿಡಿ.

ಒಹಾಯೊ_ಮಾವ:
ಸುಮ್ನೆ ಹೆದರಿಸ್ತಿದ್ದೀರಿ. ನಾನು ಎಂಟು ವರ್ಷದಿಂದ ಜಾರ್ ತಲೆಕೆಳಗೆ ಇಟ್ಟೇ ಮಾಡ್ತಿದ್ದೀನಿ, ಒಂದೊಂದ್ಸಲ ಓವನ್‌ನಲ್ಲೂ ಇಟ್ಟಿದ್ದೀನಿ, ಏನೂ ಆಗಿಲ್ಲ.

ಲ್ಯಾಬ್_ಅಕ್ಕ:
ಮಾವ, ಹೆಲ್ಮೆಟ್ ಇಲ್ದೆ ಎಂಟು ವರ್ಷ ಗಾಡಿ ಓಡಿಸಿದೋರೂ ಇದ್ದಾರೆ. ಟಿಕ್ ಅಂದ್ರೆ ಮುಚ್ಚಳ ಅಂಟಿತು ಅಂತ ಅಷ್ಟೇ, ಒಳಗಿರೋದು ಸತ್ತಿದೆ ಅಂತಲ್ಲ. ಓವನ್‌ನಲ್ಲಂತೂ ಬಿಸಿ ಗಾಳಿ ಜಾರಿನ ನಡುವಿಗೆ ಸರಿಯಾಗಿ ತಲುಪಲ್ಲ, ಗಾಜು ಒಡೆದ್ರೆ ಅದು ಬೇರೆ.

ಅಪ್ಪೆಮಿಡಿ_ಸಾಗರ:
ನಮಗೆ ಜಾರ್ ಗೀರ್ ಗೊತ್ತಿಲ್ಲ, ಆದ್ರೆ ಉಪ್ಪಿನಕಾಯಿ ಗೊತ್ತು. ಮಿಡಿಗೆ ತನ್ನದೇ ಹುಳಿ ಇದೆ, ಮೇಲೆ ಹರಳುಪ್ಪು ಸುರಿದು ನೀರು ಬಿಡಿಸ್ತೀವಿ, ಭರಣಿಗೆ ಒದ್ದೆ ಕೈ ಹಾಕಿದ್ರೆ ಅತ್ತೆ ಕೈಲಿ ಬೈಸ್ಕೋಬೇಕು, ಅದಕ್ಕೇ ಅದು ನಿಲ್ಲೋದು. ಈಗ ಬಿಪಿ ಅಂತ ಉಪ್ಪು ಅರ್ಧ ಹಾಕಿ ಆಮೇಲೆ ಬೂಸ್ಟು ಬಂತು ಅಂತ ಫೋನ್ ಮಾಡ್ತಾರೆ. ಗೊಜ್ಜಿಗೆ ಆ ಪಾಟಿ ಉಪ್ಪು ಎಲ್ಲಿ ಹಾಕ್ತೀರಿ ಮಗಾ? ನಮ್ಮಲ್ಲಿ ಗೊಜ್ಜು ಅವತ್ತೇ ಮಾಡಿ ಅವತ್ತೇ ತಿನ್ನೋದು. ಉಪ್ಪಿನಕಾಯಿ ಲೆಕ್ಕ ಅದಕ್ಕೆ ಹಚ್ಚಬೇಡಿ.

ಡೆನ್ವರ್‌_ಹಿತ್ತಲು:
ಅಯ್ಯೋ, ನಾನು ಮಾಡಿದ್ದು ಅದನ್ನೇ, ಎಣ್ಣೆ ಮೇಲೆ ತೇಲ್ತಿದ್ರೆ ಕೆಡಲ್ಲ ಅಂದ್ಕೊಂಡಿದ್ದೆ. ಬರೀ ಟೊಮೇಟೊ ಅಂದ್ರೆ ಎಷ್ಟು ಹೊತ್ತು ಕುದಿಸಬೇಕು? ಊರಿಂದ ತಂದ 5 ಲೀಟರ್ ಕುಕ್ಕರ್ ಇದೆ, ಅದರಲ್ಲಿ ನಾಲ್ಕು ಸೀಟಿ ಹೊಡೆಸಿದ್ರೆ?

ಲ್ಯಾಬ್_ಅಕ್ಕ:
ಕುಕ್ಕರ್ ಬೇಡ, ಇನ್‌ಸ್ಟಂಟ್ ಪಾಟೂ ಬೇಡ. ಚಿಕ್ಕ ಕುಕ್ಕರ್ ಬೇಗ ಕಾಯುತ್ತೆ, ಬೇಗ ಆರುತ್ತೆ, ಟೈಮ್ ಲೆಕ್ಕ ಎಲ್ಲ ಪ್ರೆಶರ್ ಕ್ಯಾನರ್ (ಜಾರ್ ಸೀಲ್ ಮಾಡೋಕೆ ಅಂತಲೇ ಇರೋ ದೊಡ್ಡ ಕುಕ್ಕರ್) ನಿಧಾನಕ್ಕೆ ಕಾದು ಆರೋದನ್ನೂ ಸೇರಿಸಿ ಮಾಡಿರೋದು. ಬೀನ್ಸ್, ಬೇಳೆ ಥರ ಹುಳಿ ಇಲ್ಲದ್ದಕ್ಕೆ ಆ ಕ್ಯಾನರ್ರೇ ಬೇಕು, ಒಳಗೆ 116 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನಿಂಬೆರಸ ಹಾಕಿದ ಟೊಮೇಟೊಗಾದ್ರೆ ದೊಡ್ಡ ಪಾತ್ರೆ ನೀರು ಸಾಕು, ಜಾರ್ ಮುಳುಗಿ ಮೇಲೆ ಒಂದಿಂಚು ನೀರು ನಿಂತಿರಬೇಕು.

ಟೈಮ್ ವಿಷಯದಲ್ಲಿ ನಿಮ್ಮೂರು ಬೇರೆ. ಡೆನ್ವರ್ 5,280 ಅಡಿ ಎತ್ತರ, ಅಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತೆ. ಬಿಸಿ ಮಾಡಿ ಜಜ್ಜಿದ ಟೊಮೇಟೊಗೆ ಸಮುದ್ರಮಟ್ಟದಲ್ಲಿ ಪಿಂಟಿಗೆ 35 ನಿಮಿಷ, ಕ್ವಾರ್ಟಿಗೆ 45, ನಿಮಗೆ 45 ಮತ್ತು 55. ಸಮುದ್ರಮಟ್ಟದಲ್ಲಿರೋ ಫ್ಲಾರಿಡಾದವರ ವಿಡಿಯೋ ನೋಡ್ಕೊಂಡು ಮಾಡಬೇಡಿ. ಜಾರ್ಜಿಯಾ ಯೂನಿವರ್ಸಿಟಿಯ ನ್ಯಾಷನಲ್ ಸೆಂಟರ್ ಫಾರ್ ಹೋಮ್ ಫುಡ್ ಪ್ರಿಸರ್ವೇಶನ್ ಸೈಟಲ್ಲಿ ಎತ್ತರದ ಟೇಬಲ್ ಇದೆ, ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ. ಮುಚ್ಚಳ ಪ್ರತಿ ಸಲ ಹೊಸದು, ಮುಚ್ಚಳ ಹಿಡಿದಿಡೋ ರಿಂಗ್ ಬೆರಳ ತುದೀಲಿ ತಿರುಗಿಸಿದಷ್ಟೇ ಬಿಗಿ, ಗಾಳಿ ಹೊರಗೆ ಹೋಗಬೇಕಲ್ಲ. ಮಾರನೇ ದಿನ ಸೀಲ್ ಆಗಿದ್ರೆ ರಿಂಗ್ ಬಿಚ್ಚಿಡಿ, ಸೀಲ್ ಬಿಟ್ರೆ ಆಗ ಗೊತ್ತಾಗುತ್ತೆ. ಗೊಜ್ಜೇ ಬೇಕಂದ್ರೆ ಡಬ್ಬಿಗೆ ಹಾಕಿ ಫ್ರೀಜರ್‌ಗೆ ತಳ್ಳಿ.

ಡೆನ್ವರ್‌_ಹಿತ್ತಲು:
11 ಜಾರೂ ಎರಡೆರಡು ಕವರ್ ಹಾಕಿ ಕಸಕ್ಕೆ ಹೋಯ್ತು. ಗಿಡದಲ್ಲಿ ಇನ್ನೂ ಎರಡು ಬಕೆಟ್ ಇದೆ, ಶನಿವಾರ ನಿಂಬೆರಸ ತರ್ತೀನಿ. ಅಮ್ಮ ಫೋನಲ್ಲಿ ಗೊಜ್ಜು ಹೆಂಗಾಯ್ತು ಅಂತ ಕೇಳಿದ್ರು, ಖಾಲಿ ಆಯ್ತು ಅಂದೆ.