ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟು ಎಂಟು ತಿಂಗಳಾಯಿತು, ಮುಂದೆ ಏನು ಮಾಡಲಿ? ಅನುಭವ ಇದ್ದವರು ಹೇಳಿ

ಉಣಕಲ್ಲಿನವಳು: ಅವ್ವನ ಪಿತ್ತಕೋಶದ ಆಪರೇಷನ್ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಹೊಲಿಗೆಯಲ್ಲಿ ಕೀವು ತುಂಬಿ ಮತ್ತೆ 11 ದಿನ ಮಲಗಿದಳು. ಚಿಕಿತ್ಸೆಯ ದಾಖಲೆ, ಅಂದರೆ ಕೇಸ್ ಶೀಟ್, ಎಷ್ಟು ಕೇಳಿದರೂ ಕೊಡಲಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟೆ. ಇನ್ನೂ ಒಂದು ಕಾಗದ ಬಂದಿಲ್ಲ. ಆಸ್ಪತ್ರೆಯನ್ನು ಕೇಳಬೇಕಾದವರು ಇವರು, ಇವರನ್ನು ಕೇಳುವವರು ಯಾರು?

ಬೆಟಗೇರಿ ಮಗ್ಗ: ನನ್ನದು ತಮ್ಮನ ಕಾಲಿನ ಕೇಸು. ರಾಡ್ ಹಾಕಿದ ಮೇಲೂ ಮೂಳೆ ಕೂಡಲಿಲ್ಲ. ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ, ಆದರೆ ಫೈಲ್ ಇರುವುದು ಗುಮಾಸ್ತರ ಕಪಾಟಿನಲ್ಲಿ. ಒಂಬತ್ತು ಸಲ ಹೋದೆ. ಒಂಬತ್ತು ದಿನದ ಕೂಲಿ 5,400, ಝೆರಾಕ್ಸ್ 380, ಎಲ್ಲಾ ಬರೆದಿಟ್ಟಿದ್ದೇನೆ. ಕೊನೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಮೊದಲನೇ ಅರ್ಜಿ ವಾಪಸ್ ಬಂತು, ಸಿಟ್ಟಿನಲ್ಲಿ ಮೂರು ಪುಟ ಬರೆದಿದ್ದೆ. ನಮ್ಮ ರಾಜ್ಯದ ನಿಯಮ ಗೊತ್ತಲ್ಲ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಎರಡನೆಯದರಲ್ಲಿ ಆವಕ ನಂಬರ್ ಬರೆದು ಅದರ ಟಿಪ್ಪಣಿ ಹಾಳೆಯ ನಕಲು ಅಷ್ಟೇ ಕೇಳಿದೆ. 30 ದಿನ ಆದರೂ ಕೊಡಲಿಲ್ಲ, ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು. ಏಳು ತಿಂಗಳಲ್ಲಿ ಆ ಹಾಳೆಯ ಮೇಲೆ ಹಸಿರು ಶಾಯಿಯ ಒಂದೇ ಪದ, ‘ಪರಿಶೀಲಿಸಿ’. ಕೆಳಗೆ ಖಾಲಿ. ಆ ನಕಲನ್ನೇ ಹಿಡಿದು ಡಿಸಿ ಅವರ ಮುಂದೆ ನಿಂತೆ. ಹದಿನೆಂಟನೇ ದಿನಕ್ಕೆ ವಿಚಾರಣೆ ಆಯಿತು, ಆಸ್ಪತ್ರೆಗೆ ದಂಡ ಬಿತ್ತು.

ರಾಣೆಬೆನ್ನೂರು ಬೀಜ: ದಂಡ ಸರಕಾರಕ್ಕೆ ಹೋಯಿತು, ತಮ್ಮನ ಕಾಲಿಗೆ ಏನು ಬಂತು ಅಣ್ಣಾರೆ? ನಾನು ಇವರ್ಯಾರ ಬಾಗಿಲಿಗೂ ಹೋಗಲಿಲ್ಲ. ದುಡ್ಡು ಕೊಟ್ಟು ತೆಗೆದುಕೊಂಡ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಪರೇಷನ್ ಹುಬ್ಬಳ್ಳಿಯಲ್ಲಿ ಆಗಿದ್ದರೂ ನಾವು ಇರುವ ಜಿಲ್ಲೆ ಅಂತ ಹಾವೇರಿಯ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಿದೆ. ಸುಲಭ ಅಂದುಕೊಳ್ಳಬೇಡಿ. ವಕೀಲರಿಗೆ 25,000, ತಜ್ಞರ ಅಭಿಪ್ರಾಯಕ್ಕೆ ಆರು ತಿಂಗಳು, ವಿಚಾರಣೆಗೆ 31 ಸಲ ತಾರೀಖು. ನಾಲ್ಕು ಸಲ ಎದುರು ವಕೀಲರು ಬರಲೇ ಇಲ್ಲ, ಸುಮ್ನೆ ಬಸ್ ಚಾರ್ಜ್ ಕಳೆದುಕೊಂಡೆ. 1.8 ಲಕ್ಷದ ಆದೇಶ ಆಯಿತು, ಆಸ್ಪತ್ರೆಯವರು ಅರ್ಧ ದುಡ್ಡು ಕಟ್ಟಿ ರಾಜ್ಯ ಗ್ರಾಹಕ ಆಯೋಗಕ್ಕೆ ಮೇಲ್ಮನವಿ ಹೋಗಿದ್ದಾರೆ. ಆದರೂ ನನ್ನ ದಾರಿಯೇ ಸರಿ. ಪ್ರಾಧಿಕಾರದ ಉತ್ತರ ಕಾಯುತ್ತಾ ಕೂತರೆ ಗ್ರಾಹಕ ಕೇಸ್ ಹಾಕುವ ಎರಡು ವರ್ಷದ ಗಡುವು ದಾಟಿಹೋಗುತ್ತದೆ.

ಬೆಟಗೇರಿ ಮಗ್ಗ: ಕಾಲಿಗೆ ಏನು ಬಂತು ಅಂತ ಕೇಳಬೇಡಿ. ತಮ್ಮ ಇನ್ನೂ ಕುಂಟುತ್ತಾನೆ. ನಿಮ್ಮ ಕೇಸಿನಿಂದ ಆ ಆಸ್ಪತ್ರೆಯ ಒಂದು ಬಾಗಿಲಾದರೂ ಮುಚ್ಚಿತಾ? ನನ್ನ ದೂರಿನ ಮೇಲೆ ಅವರ ಆಪರೇಷನ್ ಥಿಯೇಟರ್ ತಪಾಸಣೆಯಾದರೂ ಆಯಿತು.

ಸಪ್ತಾಪುರ ಬಾವಿ: ಇಬ್ಬರೂ ಪುಣ್ಯವಂತರು. ನಾನು ವೈದ್ಯರ ಮೇಲಿನ ದೂರು ಕೇಳುವ ರಾಜ್ಯ ಮೆಡಿಕಲ್ ಕೌನ್ಸಿಲ್‌ಗೆ ಹೋದವನು. ಐದು ಸಲ ಬೆಂಗಳೂರಿಗೆ ರಾತ್ರಿ ಬಸ್ಸು. ಹೆಂಡತಿ ಹೋದ ಮೂರನೇ ತಿಂಗಳಿನಿಂದ ಶುರು ಮಾಡಿದೆ. ಅಲ್ಲಿ ಕೂತವರೂ ವೈದ್ಯರೇ. ನನಗೆ ಮಾತಾಡಲು ಸಿಕ್ಕಿದ್ದು ಹತ್ತು ನಿಮಿಷ. ಎರಡು ಸಾಲಿನಲ್ಲಿ ದೂರು ವಜಾ ಮಾಡಿದರು. ದೆಹಲಿಗೆ ಮೇಲ್ಮನವಿ ಹಾಕೋಣ ಅಂದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಕಾಯ್ದೆಯಲ್ಲಿ ಆ ಹಕ್ಕು ಬರೆದಿರುವುದು ವೈದ್ಯರಿಗೆ. ಸತ್ತವಳ ಗಂಡನಿಗೆ ಇಲ್ಲ. 72 ಗಂಟೆಯೊಳಗೆ ಕೇಸ್ ಶೀಟ್ ಕೊಡಬೇಕು ಅನ್ನುವ ನಿಯಮ 2002ರಿಂದ ಇದೆ. ನನಗೆ ಕೊಟ್ಟದ್ದು 40ನೇ ದಿನ, ಅದರಲ್ಲೂ ಎರಡು ಹಾಳೆ ಹೊಸ ಪೆನ್ನಿನಲ್ಲಿ ಬರೆದವು.

ಹಳ್ಳಿ ಕ್ಲಿನಿಕ್: ನಾನು ಶಿಗ್ಗಾವಿ ಕಡೆ ಸಣ್ಣ ಕ್ಲಿನಿಕ್ ಇಟ್ಟವನು. ವೈದ್ಯರೆಲ್ಲಾ ಕಳ್ಳರು ಅನ್ನುವ ಹಾಗೆ ಬರೆಯಬೇಡಿ. ಪ್ರಾಧಿಕಾರದವರು ತಪಾಸಣೆಗೆ ಅಂತ ನಮ್ಮ ಬಾಗಿಲಿಗೇ ಬರುತ್ತಾರೆ. ದರಪಟ್ಟಿ ಗೋಡೆಯ ಮೇಲಿದೆಯಾ, ಕಸದ ಚೀಲ ಹಳದಿ ಇದೆಯಾ, ಎಲ್ಲಾ ನೋಡುತ್ತಾರೆ. ನೋಂದಣಿ ನವೀಕರಣಕ್ಕೆ ನಾಲ್ಕು ತಿಂಗಳು ಅಲೆದೆ. ನಾಲ್ಕು ಮಹಡಿಯ ಆಸ್ಪತ್ರೆಗೆ ಹೋದರೆ ಇದೇ ಜನ ಚಹಾ ಕುಡಿದು ಬರುತ್ತಾರೆ.

ಸಪ್ತಾಪುರ ಬಾವಿ: ಕಳ್ಳರು ಅಂತ ಯಾರು ಅಂದರು? 2017ರಲ್ಲಿ ಇದೇ ಕೆಪಿಎಂಇ ಕಾಯ್ದೆಯನ್ನು ಬಿಗಿ ಮಾಡಲು ಹೊರಟಾಗ ಬೆಳಗಾವಿ ಅಧಿವೇಶನದ ಹೊತ್ತಿಗೆ ಆಸ್ಪತ್ರೆ ಮುಚ್ಚಿ ಮುಷ್ಕರ ಕೂತವರು ನೀವೇ ಅಲ್ವಾ?

ಹಳ್ಳಿ ಕ್ಲಿನಿಕ್: ನಾನು ಒಂದು ದಿನವೂ ಮುಚ್ಚಲಿಲ್ಲ ಸರ್. ಬೇಕಾದರೆ ಊರವರನ್ನು ಕೇಳಿ.

ರಾಣೆಬೆನ್ನೂರು ಬೀಜ: ಮುಷ್ಕರದ ಮಾತು ಬಿಡಿ, ಅಕ್ಕಾರು ಕೇಳಿದ್ದೇ ಬೇರೆ.

ಉಣಕಲ್ಲಿನವಳು: ಇವತ್ತು ಧಾರವಾಡಕ್ಕೆ ಹೋಗಿದ್ದೆ. ಆವಕ ಪುಸ್ತಕ ತೆಗೆಸಿದೆ. ಗುಮಾಸ್ತರು ಬೆರಳಿಟ್ಟು ಹುಡುಕಿದರು, ನನ್ನ ದೂರು ಇತ್ತು. ಯಾರಿಗೆ ಕೊಟ್ಟರು ಅನ್ನುವ ಕಾಲಂ ಖಾಲಿ. ಫೋಟೋ ತೆಗೆಯಲು ಬಿಡಲಿಲ್ಲ, ನಂಬರ್ ಬರೆದುಕೊಂಡು ಬಂದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿ ನಾಳೆ ಹಾಕುತ್ತೇನೆ. ಆಪರೇಷನ್ ಆಗಿ ಎರಡು ವರ್ಷ ತುಂಬಲು ಇನ್ನು ಐದೇ ತಿಂಗಳಿದೆ. ಬೀಜದ ಅಣ್ಣಾರೆ, ತಜ್ಞರ ಅಭಿಪ್ರಾಯಕ್ಕೆ ನೀವು ಯಾವ ಕಾಗದಗಳನ್ನು ಕೊಟ್ಟಿರಿ? ನನ್ನ ಹತ್ತಿರ ಬಿಲ್ ಬಿಟ್ಟರೆ ಬೇರೆ ಏನೂ ಇಲ್ಲ.