ಎಣ್ಣೆ ಬಾವಿಯ ಗೋಡೆ ನಿಲ್ಲುವುದು ಯಾವುದರ ಬಲದಿಂದ?

ಪ್ರಶ್ನೆ (ಅಂಕೋಲಾ): ನಮ್ಮ ತೋಟದ ಬೋರ್‌ವೆಲ್‌ಗೆ ಚಿರೇಕಲ್ಲು, ಜೇಡಿಮಣ್ಣು ಇರುವಷ್ಟು ಆಳಕ್ಕೆ ಮಾತ್ರ ಕೇಸಿಂಗ್ ಇಳಿಸಿದ್ದಾರೆ. ಕೆಳಗೆ ಬರಿಯ ಕಲ್ಲು, ಆದರೂ ಅಲುಗಿಲ್ಲ. ಬಾಂಬೆ ಹೈ (ಮುಂಬೈ ಕಡಲಿನ ಎಣ್ಣೆ ಕ್ಷೇತ್ರ) ರಿಗ್‌ನಲ್ಲಿರುವ ನಮ್ಮ ಭಾವ ಮಾತ್ರ, ಬಾವಿ ಕುಸಿಯದಂತೆ ಕಾಯುವುದೇ ಅರ್ಧ ಕೆಲಸ ಎನ್ನುತ್ತಾರೆ. ಏಕೆ ಸರ್?

ಉತ್ತರ (ನಿವೃತ್ತ ಡ್ರಿಲ್ಲಿಂಗ್ ಎಂಜಿನಿಯರ್, ಕಾರವಾರ): ಆಳವೂ ಬೇರೆ, ಕಲ್ಲೂ ಬೇರೆ. 100 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಸುಮಾರು 26 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ನಮ್ಮ ಕಡೆಯ ಕಗ್ಗಲ್ಲು ಸಾವಿರ ಬಾರ್‌ಗೂ ಜಗ್ಗದು. 3000 ಮೀಟರ್‌ನಲ್ಲಿ ಆ ಭಾರ 680 ಬಾರ್ ಸಮೀಪಕ್ಕೆ ಹೋಗುತ್ತದೆ, ಅಲ್ಲಿ ಸಿಗುವುದು ಹೆಚ್ಚಾಗಿ ಮೆತ್ತನೆಯ ಶೇಲ್, ಅಂದರೆ ಜೇಡಿ ಗಟ್ಟಿಯಾಗಿ ಆದ ಪದರಗಲ್ಲು. ಕೊರೆದು ತೆಗೆದ ಕಲ್ಲು ಹೊರುತ್ತಿದ್ದ ಹೊರೆಯೂ ಸುತ್ತಲಿನ ಗೋಡೆಯ ಮೇಲೆ ಬೀಳುತ್ತದೆ. ಕೇಸಿಂಗ್ ಇಳಿಸಿ ಸಿಮೆಂಟ್ ತುಂಬುವವರೆಗೆ ಆ ಗೋಡೆಗೆ ಒಳಗಿನಿಂದ ಆಸರೆ ಕೊಡುವುದು ಬಾವಿ ತುಂಬ ನಿಂತ ಮಡ್, ಅಂದರೆ ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ, ಒಂದೇ. ನೀರಿನ 1.2 ಪಟ್ಟು ತೂಕದ ಮಡ್ ಆ ಆಳದಲ್ಲಿ ಸುಮಾರು 350 ಬಾರ್ ಒತ್ತುತ್ತದೆ.

ಪ್ರಶ್ನೆ (ಶಿರಸಿ): ಹಾಗಾದರೆ ಬೆರೈಟ್ ಎಂಬ ಭಾರದ ಖನಿಜದ ಪುಡಿ ಸುರಿದು ಮಡ್ಡನ್ನು ಇನ್ನಷ್ಟು ಭಾರ ಮಾಡಿದರಾಯಿತಲ್ಲ?

ಉತ್ತರ: ಪೇಚು ಇರುವುದೇ ಅಲ್ಲಿ. ಮಿತಿ ಮೀರಿದರೆ ಕಲ್ಲು ಸೀಳಿ, ಮಡ್ ಆ ಬಿರುಕಿಗೆ ಇಳಿದುಹೋಗುತ್ತದೆ. ಬಾವಿಯಲ್ಲಿ ಮಟ್ಟ ಕುಸಿದು ಒತ್ತಡ ತಗ್ಗಿತೆಂದರೆ ಮೇಲಿನ ಪದರದ ಗ್ಯಾಸ್ ಒಳನುಗ್ಗಬಹುದು. ಕುಸಿತಕ್ಕೂ ಸೀಳಿಗೂ ನಡುವಿನ ಕಿಂಡಿಯಲ್ಲೇ ಕೊರೆಯಬೇಕು. ಕಿಂಡಿ ತೀರ ಕಿರಿದಾದಲ್ಲಿ ಕೊರೆತ ನಿಲ್ಲಿಸಿ ಕೇಸಿಂಗ್ ಇಳಿಸುತ್ತಾರೆ, ಮುಂದಿನ ಕೊರೆತ ಆ ಕೇಸಿಂಗ್‌ನ ಒಳಗಿನಿಂದಲೇ. ಎಣ್ಣೆ ಬಾವಿ ಆಳಕ್ಕೆ ಹೋದಂತೆ ಹಂತಹಂತವಾಗಿ ಸಣ್ಣದಾಗುವುದು ಇದರಿಂದಲೇ.

ಪ್ರಶ್ನೆ (ಅಂಕೋಲಾ): ಅಷ್ಟು ಕೆಳಗೆ ಗೋಡೆ ಉದುರುತ್ತಿದೆ ಎಂದು ಮೇಲಿದ್ದವರಿಗೆ ತಿಳಿಯುವುದು ಹೇಗೆ?

ಉತ್ತರ: ಮಡ್ ಹೊತ್ತು ತರುವ ಚೂರುಗಳನ್ನು ಜರಡಿಯ ಬಳಿ ನಿಂತು ನೋಡಬೇಕು. ಕಂಪ್ಯೂಟರ್ ಪರದೆಗಿಂತ ನಾನು ಅದನ್ನೇ ಹೆಚ್ಚು ನಂಬುತ್ತಿದ್ದೆ. ಬಿಟ್ (ಕೊರೆಯುವ ಹಲ್ಲಿನ ತುದಿ) ಅರೆದದ್ದು ಸಣ್ಣದು. ಗೋಡೆಯಿಂದ ಕಳಚಿದ್ದು ದೊಡ್ಡದು. ಉದ್ದಕ್ಕೆ ತೆಳ್ಳಗೆ, ತುಸು ಬಾಗಿದ ಸಿಬಿರಿನಂಥ ಚೂರು ಬಂದರೆ ಕಲ್ಲಿನ ರಂಧ್ರಗಳಲ್ಲಿರುವ ದ್ರವದ ಒತ್ತಡ ಮಡ್ಡಿನದನ್ನು ಮೀರಿದೆ ಎನ್ನಬಹುದು. ಒರಟು ಮುಖದ, ಮೂಲೆ ಮೂಲೆಯ ಚೂರು ಎಂದರೆ ಗೋಡೆ ಹೊರೆ ತಾಳದೆ ಒಡೆಯುತ್ತಿದೆ. ಈ ಎರಡಕ್ಕೂ ಸಾಮಾನ್ಯವಾಗಿ ಮಡ್ ತೂಕ ಏರಿಸುತ್ತಾರೆ. ಆದರೆ ಎರಡೂ ಬದಿ ಸಮತಟ್ಟಾದ ಹಲ್ಲೆಗಳು ಬರತೊಡಗಿದರೆ ಬೆರೈಟ್ ಚೀಲಕ್ಕೆ ಕೈ ಹಾಕಬಾರದು. ಕಲ್ಲಿನಲ್ಲಿ ಮೊದಲೇ ಇದ್ದ ಪದರ, ಬಿರುಕು ಕಳಚುತ್ತಿವೆ. ಹೆಚ್ಚಿನ ಒತ್ತಡಕ್ಕೆ ಮಡ್ ಅವುಗಳೊಳಗೆ ತೂರಿ ಇನ್ನಷ್ಟು ಸಡಿಲಿಸುತ್ತದೆ.